ಗಾಂಬಿಯಾ ಇನ್ನೂ ನೋಡದ ಪ್ರಮಾಣವಚನ: ಅಧ್ಯಕ್ಷ ಅಡಾಮಾ ಬ್ಯಾರೋ ಅವರಿಗೆ ಬಹಿರಂಗ ಪತ್ರ

ಗೆ,
ಸನ್ಮಾನ್ಯ ಶ್ರೀ ಅಡಾಮಾ ಬ್ಯಾರೋ ಅವರು
ಅಧ್ಯಕ್ಷರು, ಗಾಂಬಿಯಾ ಗಣರಾಜ್ಯ
ಸ್ಟೇಟ್ ಹೌಸ್, ಬಾಂಜುಲ್

ವಿಷಯ: 2027ರ ಜನವರಿ 19ರಂದು ನಡೆಯಬೇಕಾದ ಪ್ರಮಾಣವಚನದ ಬಗ್ಗೆ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ನಾನು ಮಂಗಳೂರಿನವನು. ಗೇರುಬೀಜದ ವ್ಯಾಪಾರದ ಮೇಲೆ ಪಶ್ಚಿಮ ಆಫ್ರಿಕಾದ ನಿಮ್ಮ ಪುಟ್ಟ ದೇಶಕ್ಕೆ ಬಂದು ಸೆರೆಕುಂಡಾ ಪಟ್ಟಣದಲ್ಲಿ ವರ್ಷಗಟ್ಟಲೆ ಇದ್ದವನು. ನಮ್ಮೂರಿನ ಗೇರು ಫ್ಯಾಕ್ಟರಿಗಳಿಗೆ ಸುತ್ತಮುತ್ತಲ ಬೆಳೆ ಸಾಲುವುದಿಲ್ಲ. ಆಫ್ರಿಕಾದಿಂದ ಕಚ್ಚಾ ಬೀಜ ಬಂದರೇನೇ ಕೆಲಸ ನಡೆಯೋದು. ಅದರಲ್ಲಿ ಒಂದಿಷ್ಟು ಬಾಂಜುಲ್ ಬಂದರಿನಿಂದ ಹಡಗು ಹತ್ತುತ್ತದೆ. ಹಾಗಾಗಿ ನಿಮ್ಮ ದೇಶದ ಅನ್ನದ ಋಣ ನನ್ನ ಮೇಲಿದೆ. ವೋಟು ಮಾತ್ರ ಇಲ್ಲ. ವೋಟಿಲ್ಲದವನು ಅಧ್ಯಕ್ಷರಿಗೆ ಬುದ್ಧಿ ಹೇಳೋದು ಅಧಿಕಪ್ರಸಂಗ ಅಂತ ನಿಮ್ಮ ಕಚೇರಿಯವರು ಅಂದರೆ ಬೇಜಾರಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳೋಕೆ ವೋಟರ್ ಕಾರ್ಡ್ ಬೇಕಿಲ್ಲ ಅಲ್ವಾ?

ನನ್ನ ದೂರು ಒಂದೇ. ಗಾಂಬಿಯಾ ಸ್ವತಂತ್ರವಾಗಿದ್ದು 1965ರ ಫೆಬ್ರವರಿ 18ರಂದು. ಅಲ್ಲಿಂದ ಇಲ್ಲಿಯವರೆಗೆ, ಹಳೆಯ ಅಧ್ಯಕ್ಷರು ಪಕ್ಕದಲ್ಲಿ ಕೂತು ನೋಡುತ್ತಿರುವಾಗ ಹೊಸ ಅಧ್ಯಕ್ಷರು ಪ್ರಮಾಣವಚನ ಸ್ವೀಕರಿಸಿದ ಒಂದೇ ಒಂದು ದಿನ ಬಂದಿಲ್ಲ. ದಾವ್ದಾ ಜವಾರಾ ಅವರನ್ನು 1994ರ ಜುಲೈ 22ರಂದು ಸೈನಿಕರು ಕೆಳಗಿಳಿಸಿದರು. ಹಾಗೆ ಬಂದ ಯಾಹ್ಯಾ ಜಾಮೆ 22 ವರ್ಷ ಆಳಿ, ಕೊನೆಗೆ ವಿಮಾನ ಹತ್ತಿ ದೇಶ ಬಿಟ್ಟರು. ಮೂರನೆಯವರು ನೀವು. ಅಂಥ ಒಂದು ದಿನವನ್ನು ತರುವ ಅವಕಾಶ ಸಿಕ್ಕಿದ್ದು ನಿಮಗೊಬ್ಬರಿಗೇ. ಒಂದು ಸಲ ಅದನ್ನು ಕೈಬಿಟ್ಟಿರಿ. ಎರಡನೇ ಸಲವೂ ಬಿಡುವ ಹಾಗೆ ಕಾಣುತ್ತಿದೆ.

ಹಿಂದಿನದನ್ನು ಸ್ವಲ್ಪ ನೆನಪಿಸುತ್ತೇನೆ. ನಿಮಗೆ ಗೊತ್ತಿರೋದೇ. ಆದರೆ ಈ ಪತ್ರವನ್ನು ಕನ್ನಡದವರೂ ಓದುತ್ತಾರೆ.

2016ರ ಡಿಸೆಂಬರ್ 1ರಂದು ಚುನಾವಣೆ. ಗಾಂಬಿಯಾದಲ್ಲಿ ವೋಟಿಗೆ ಕಾಗದವೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಮತದಾರರ ಕೈಗೆ ಒಂದು ಗೋಲಿ ಕೊಡುತ್ತಿದ್ದರು. ಮರೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಡ್ರಮ್ಮು, ಅದರ ಮೇಲೆ ಅವರ ಫೋಟೋ. ಜಾಮೆಯದು ಹಸಿರು, ನಿಮ್ಮದು ಬೆಳ್ಳಿ ಬಣ್ಣ. ಡ್ರಮ್ಮಿನ ಕೊಳವೆಯೊಳಗೆ ಗೋಲಿ ಬಿಟ್ಟರೆ ಅದು ಒಳಗಿನ ಗಂಟೆಗೆ ಬಡಿದು 'ಟಿಣ್' ಅನ್ನುತ್ತಿತ್ತು. ಒಂದು ಸಲ ಟಿಣ್ ಅಂದರೆ ಒಂದು ವೋಟು. ಎರಡು ಸಲ ಕೇಳಿಸಿದರೆ ಹೊರಗೆ ಕೂತ ಅಧಿಕಾರಿಗಳ ಕಿವಿ ನೆಟ್ಟಗಾಗುತ್ತಿತ್ತು. ಸೈಕಲ್ ಬೆಲ್ಲಿನ ಸದ್ದಿನಿಂದ ಗೊಂದಲ ಆದೀತು ಅಂತ ಮತಗಟ್ಟೆ ಹತ್ತಿರ ಸೈಕಲ್ ತರುವ ಹಾಗಿರಲಿಲ್ಲ. ಓದು ಬರಹ ಬಾರದವರಿಗೂ ಅನುಕೂಲವಾಗಲಿ ಅಂತ 1960ರ ದಶಕದಲ್ಲಿ ಶುರುವಾದ ಪದ್ಧತಿ ಇದು. ಮೊದಲ ಸಲ ಕೇಳಿದವರಿಗೆ ನಗು ಬರಬಹುದು. ಆದರೆ ಮೋಸ ಮಾಡೋದು ಮಾತ್ರ ಕಷ್ಟ.

ಆವತ್ತು ಇಂಟರ್ನೆಟ್ ಬಂದ್. ಹೊರದೇಶಕ್ಕೆ ಫೋನೂ ಇಲ್ಲ. ಊರಿಗೆ ಫೋನ್ ಮಾಡೋಕಾಗದೆ ನಾವು ಸುಮ್ನೆ ಬೀದಿ ನೋಡುತ್ತಾ ನಿಂತಿದ್ದೆವು. ಕತ್ತಲು ಹರಿಯುವ ಮೊದಲೇ ಸಾಲು ಶುರುವಾಗಿತ್ತು. ಅಜ್ಜಿಯರು ಸಣ್ಣ ಸ್ಟೂಲು ತಂದು ಸಾಲಿನಲ್ಲೇ ಕೂತಿದ್ದರು. ಯಾರೂ ಯಾರ ಹತ್ತಿರವೂ ರಾಜಕೀಯ ಮಾತಾಡುತ್ತಿರಲಿಲ್ಲ. ಜಾಮೆ ಕಾಲದಲ್ಲಿ ಪಕ್ಕದವನು ಯಾರು ಅಂತ ಗೊತ್ತಿಲ್ಲದೆ ಬಾಯಿ ಬಿಡುವ ಪದ್ಧತಿಯೇ ಇರಲಿಲ್ಲ.

ಮರುದಿನ ಫಲಿತಾಂಶ ಬಂತು. ತಿದ್ದಿದ ಲೆಕ್ಕದ ಪ್ರಕಾರ ನಿಮಗೆ 2,27,708 ವೋಟು, ಜಾಮೆಗೆ 2,08,487. ದೇವರು ಇಚ್ಛಿಸಿದರೆ ನೂರು ಕೋಟಿ ವರ್ಷ ಆಳುತ್ತೇನೆ ಅಂತ ಒಮ್ಮೆ ಬಿಬಿಸಿಗೆ ಹೇಳಿದ್ದ ಮನುಷ್ಯ ಹತ್ತೊಂಬತ್ತು ಸಾವಿರ ಚಿಲ್ಲರೆ ಗೋಲಿಯಲ್ಲಿ ಸೋತರು. ಟಿವಿ ಕ್ಯಾಮೆರಾ ಮುಂದೆಯೇ ನಿಮಗೆ ಫೋನ್ ಮಾಡಿ ಶುಭಾಶಯ ಹೇಳಿದರು. ನಗುತ್ತಲೇ ಮಾತಾಡಿದರು. ನಮಗೆ ನಂಬೋಕೇ ಆಗಲಿಲ್ಲ. ಒಂದು ವಾರ ಕಳೆದು, ಡಿಸೆಂಬರ್ 9ರ ರಾತ್ರಿ, ಅದೇ ಟಿವಿಯಲ್ಲಿ ಅದೇ ಮನುಷ್ಯ ಬಂದು ಫಲಿತಾಂಶ ಒಪ್ಪೋದಿಲ್ಲ ಅಂದರು.

ಕೋರ್ಟಿಗೆ ಹೋಗುತ್ತೇನೆ ಅಂದರು. ಆದರೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಕೇಳೋಕೆ ಸಾಕಷ್ಟು ನ್ಯಾಯಮೂರ್ತಿಗಳೇ ಇರಲಿಲ್ಲ! ನೈಜೀರಿಯಾ, ಸಿಯೆರಾ ಲಿಯೋನ್‌ನಿಂದ ಕರೆಸಬೇಕಿತ್ತು. ಅವರು ಬರೋದು ಮೇ ತಿಂಗಳಿಗೆ. ವರ್ಷಗಳಿಂದ ಕೋರ್ಟನ್ನು ಖಾಲಿ ಇಟ್ಟವರು ಜಾಮೆಯೇ. ಖಾಲಿ ಇಟ್ಟದ್ದನ್ನೇ ಕುರ್ಚಿ ಬಿಡದೇ ಇರೋಕೆ ನೆಪ ಮಾಡಿಕೊಂಡವರೂ ಅವರೇ. ಈ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ಬೇಕಾಗುತ್ತದೆ.

ಆ ಜನವರಿಯ ಕೊನೆಯ ಅರ್ಧವನ್ನು ನೀವು ಪಕ್ಕದ ದೇಶ ಸೆನೆಗಲ್‌ನಲ್ಲಿ ಕಳೆದಿರಿ. ನಾವು ಸೆರೆಕುಂಡಾದಲ್ಲಿ ಕಳೆದೆವು. ಹಾಸಿಗೆ, ಪಾತ್ರೆ, ಕುರಿ, ಮಕ್ಕಳು ಎಲ್ಲವನ್ನೂ ಹೇರಿಕೊಂಡ ವ್ಯಾನುಗಳು ದಕ್ಷಿಣ ಸೆನೆಗಲ್‌ನ ಕಸಮಾನ್ಸ್ ಕಡೆ ಹೋಗುತ್ತಿದ್ದವು. ನದಿಯಾಚೆಯ ಬಾರಾಕ್ಕೆ ಹೋಗುವ ಫೆರಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಹತ್ತಾರು ಸಾವಿರ ಜನ ಗಡಿ ದಾಟಿದರು. ಬ್ರಿಟಿಷ್ ಪ್ರವಾಸಿಗರನ್ನು ವಿಶೇಷ ವಿಮಾನದಲ್ಲಿ ಕರೆದುಕೊಂಡು ಹೋದರು. ನಾವು ನಾಲ್ಕೈದು ಭಾರತೀಯರು ಅಕ್ಕಿ, ಈರುಳ್ಳಿ, ಗ್ಯಾಸ್ ತುಂಬಿಕೊಂಡು ಗೋಡೌನ್ ಪಕ್ಕದ ಮನೆಯಲ್ಲಿ ಕೂತೆವು. 'ಗಾಂಬಿಯಾ ತೀರ್ಮಾನಿಸಿದೆ' ಅಂತ ಬರೆದ ಟೀ ಶರ್ಟ್ ಹಾಕಿದ್ದಕ್ಕೆ ಹುಡುಗರನ್ನು ಹಿಡಿದು ಒಯ್ಯುತ್ತಿದ್ದರು. ಜನವರಿ 17ಕ್ಕೆ ತುರ್ತು ಪರಿಸ್ಥಿತಿ. ಬೆನ್ನಲ್ಲೇ ಪಾರ್ಲಿಮೆಂಟು ಜಾಮೆಯ ಅವಧಿಯನ್ನು ಮೂರು ತಿಂಗಳು ಎಳೆಯಿತು.

ಅದೇ ವಾರ ನಿಮ್ಮ ಎಂಟು ವರ್ಷದ ಮಗ ನಾಯಿ ಕಡಿತದಿಂದ ತೀರಿಕೊಂಡ. ಮಣ್ಣು ಮಾಡೋಕೂ ನೀವು ಬರಲಾಗಲಿಲ್ಲ. ಆ ಸುದ್ದಿ ಕೇಳಿ ನಮ್ಮ ಬೀದಿಯಲ್ಲಿ ಜಾಮೆ ಪಕ್ಷದವರೂ ತಲೆ ತಗ್ಗಿಸಿದ್ದರು. ಇದನ್ನು ನಿಮಗೆ ನೋವು ಕೊಡೋಕೆ ಹೇಳುತ್ತಿಲ್ಲ. ಕುರ್ಚಿ ಬಿಡದ ಒಬ್ಬ ಮನುಷ್ಯನಿಂದ ಇನ್ನೊಬ್ಬರ ಮನೆಯಲ್ಲಿ ಏನೇನಾಗುತ್ತೆ ಅಂತ ನಿಮ್ಮಷ್ಟು ಗೊತ್ತಿರುವವರು ಆಫ್ರಿಕಾದ ಅಧ್ಯಕ್ಷರಲ್ಲಿ ಜಾಸ್ತಿ ಜನ ಇರಲಿಕ್ಕಿಲ್ಲ.

ಜನವರಿ 19ರ ಸಂಜೆ ಸೆನೆಗಲ್ ರಾಜಧಾನಿ ಡಾಕರ್‌ನಲ್ಲಿ, ಗಾಂಬಿಯಾ ರಾಯಭಾರ ಕಚೇರಿಯ ಒಂದು ಸಣ್ಣ ಕೋಣೆಯಲ್ಲಿ, ನೀವು ಪ್ರಮಾಣವಚನ ಸ್ವೀಕರಿಸಿದಿರಿ. ಬಿಳಿ ನಿಲುವಂಗಿ, ಬಿಳಿ ಟೋಪಿ. ಮುಖ್ಯ ನ್ಯಾಯಮೂರ್ತಿಗಳಿರಲಿಲ್ಲ. ಪ್ರಮಾಣ ಬೋಧಿಸಿದವರು ವಕೀಲರ ಸಂಘದ ಅಧ್ಯಕ್ಷ ಶೆರಿಫ್ ತಂಬಾಡು. ನಮ್ಮಲ್ಲಿ ಸರ್ಕಾರಿ ಟಿವಿ ಇದನ್ನು ತೋರಿಸಲಿಲ್ಲ. ಗೋಡೌನಿನ ಕಾವಲುಗಾರ ಅಜ್ಜ, ನಮ್ಮ ಅಡುಗೆಯವಳು, ನಾವು, ಎಲ್ಲರೂ ಒಂದೇ ಫೋನಿನ ಸುತ್ತ ತಲೆ ಸೇರಿಸಿ ನೋಡಿದೆವು. ನೆಟ್ ಹೋಗಿ ಬಂದು ಮಾಡುತ್ತಿತ್ತು. ಪ್ರಮಾಣದ ಅರ್ಧ ವಾಕ್ಯ ಕೇಳಿಸಿತು, ಇನ್ನರ್ಧಕ್ಕೆ ಚಕ್ರ ತಿರುಗುತ್ತಾ ನಿಂತಿತು. 'ಆಯ್ತಾ, ಮುಗೀತಾ?' ಅಂತ ಅಜ್ಜ ಕೇಳುತ್ತಲೇ ಇದ್ದರು. ಮುಗಿದಿದೆ ಅಂತ ನಮಗೆ ಗೊತ್ತಾಗಿದ್ದು ಫೋನಿನಿಂದಲ್ಲ, ಹೊರಗೆ ಮೋಟರ್‌ಬೈಕುಗಳ ಹಾರ್ನಿನಿಂದ. ಎರಡು ದಿನದಿಂದ ನಾಯಿ ಬಿಟ್ಟರೆ ಯಾರೂ ಇಲ್ಲದ ಬೀದಿಯಲ್ಲಿ ಇದ್ದಕ್ಕಿದ್ದ ಹಾಗೆ ಜನವೋ ಜನ.

ಅದೇ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿಮ್ಮ ಪರ ನಿರ್ಣಯ ಮಾಡಿತು. ಸೆನೆಗಲ್ ಮುಂದಾಳತ್ವದಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಇಕೋವಾಸ್‌ನ ಪಡೆ ಗಡಿ ದಾಟಿತು. 21ರ ರಾತ್ರಿ ಜಾಮೆ ಹೋದರು. ಅವರ ದುಬಾರಿ ಕಾರುಗಳೂ ಸರಕು ವಿಮಾನ ಹತ್ತಿ ಹಿಂದೆಯೇ ಹೋದವು.

ಇಲ್ಲಿ ಒಂದು ಸಣ್ಣ ವಿಷಯ. ಜಾಮೆ ಕಾಲದಲ್ಲಿ ಪ್ರತಿ ಅಂಗಡಿಯಲ್ಲೂ ಅವರ ಫೋಟೋ ಇರುತ್ತಿತ್ತು. ನಮ್ಮ ಆಫೀಸಿನಲ್ಲೂ ಇತ್ತು. 19ರ ಸಂಜೆ ಅದನ್ನು ಇಳಿಸೋದೋ ಬೇಡವೋ ಅಂತ ನಮ್ಮೊಳಗೆ ದೊಡ್ಡ ಚರ್ಚೆ. ಪ್ರಮಾಣವಚನ ಆಗಿದೆ, ಆದರೆ ಹಳಬರು ಇನ್ನೂ ಅರಮನೆಯಲ್ಲಿದ್ದಾರೆ. ಇಬ್ಬರಲ್ಲಿ ಅಧ್ಯಕ್ಷರು ಯಾರು? ಕೊನೆಗೆ ಮನೆ ಮಾಲೀಕರು ಬಂದು ಫೋಟೋವನ್ನು ಗೋಡೆ ಕಡೆ ಮುಖ ಮಾಡಿ ತಿರುಗಿಸಿ ಹೋದರು. ಯಾರು ಕೇಳಿದರೂ ಗಾಳಿಗೆ ತಿರುಗಿದೆ ಅಂತ ಹೇಳಿ ಅಂದರು. ಈಗ ನೆನೆಸಿಕೊಂಡರೆ ನಗು ಬರುತ್ತೆ. ಆವತ್ತು ಯಾರೂ ನಗಲಿಲ್ಲ.

ಫೆಬ್ರವರಿ 18ಕ್ಕೆ ಬಕಾವ್‌ನ ಇಂಡಿಪೆಂಡೆನ್ಸ್ ಸ್ಟೇಡಿಯಂನಲ್ಲಿ ನೀವು ಎರಡನೇ ಸಲ ಪ್ರಮಾಣ ಮಾಡಿದಿರಿ. ಈ ಸಲ ಜನರ ಎದುರು. ನಾನೂ ಹೋಗಿದ್ದೆ. ಬೆಳಗಿನಿಂದಲೇ ಸ್ಟೇಡಿಯಂ ತುಂಬಿ ತುಳುಕುತ್ತಿತ್ತು. ಗೋಡೆ ಹತ್ತಿದವರಿಗೂ ಲೆಕ್ಕವಿಲ್ಲ. ಸೆನೆಗಲ್‌ನ ಅಧ್ಯಕ್ಷ ಮ್ಯಾಕಿ ಸಾಲ್ ಮುಖ್ಯ ಅತಿಥಿ. ಅಂಥ ಸಂಭ್ರಮವನ್ನು ನಾನು ಇನ್ನೆಲ್ಲೂ ನೋಡಿಲ್ಲ. ಆದರೆ ವೇದಿಕೆಯ ಮೇಲೆ ಒಬ್ಬರು ಇರಲಿಲ್ಲ. ಹಿಂದಿನ ಅಧ್ಯಕ್ಷರು. ಇರಬಹುದಿತ್ತು ಅಂತ ಆವತ್ತು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಹೋದರೆ ಸಾಕಪ್ಪಾ ಅನ್ನುವ ಹಾಗಿತ್ತು. ಮುಂದಿನ ಸಲ ಹೀಗಾಗಲ್ಲ, ಮುಂದಿನ ಸಲ ಬ್ಯಾರೋ ಇಲ್ಲೇ ಕೂತು ಬೇರೆಯವರಿಗೆ ಒಪ್ಪಿಸುತ್ತಾರೆ ಅಂತ ನನ್ನ ಪಕ್ಕ ನಿಂತಿದ್ದ ಮೇಷ್ಟ್ರೊಬ್ಬರು ಹೇಳಿದರು. ಅವರು ಹಾಗೆ ನಂಬೋಕೆ ಕಾರಣ ಇತ್ತು. ನೀವೇ ಮಾತು ಕೊಟ್ಟಿದ್ದಿರಿ.

ಏಳು ಪಕ್ಷಗಳು ಒಂದಾಗಿ ನಿಮ್ಮನ್ನು ನಿಲ್ಲಿಸಿದಾಗ ಆದ ಒಪ್ಪಂದ ಏನು? ಮೂರು ವರ್ಷ ಮಾತ್ರ ಅಧ್ಯಕ್ಷರಾಗಿರೋದು, ಕೆಟ್ಟ ಕಾನೂನುಗಳನ್ನು ಸರಿ ಮಾಡೋದು, ಚುನಾವಣೆ ನಡೆಸೋದು, ಆ ಚುನಾವಣೆಗೆ ತಾವು ನಿಲ್ಲದೇ ಇರೋದು. ಆಮೇಲೆ ನೀವು ಸಂವಿಧಾನದಲ್ಲಿ ಐದು ವರ್ಷ ಅಂತಿದೆ ಅಂದಿರಿ. ಕಾನೂನಿನ ಲೆಕ್ಕದಲ್ಲಿ ನೀವು ಹೇಳಿದ್ದು ಸರಿಯೇ ಇರಬಹುದು. ಆದರೆ ಆ ಸಂವಿಧಾನ ಒಪ್ಪಂದ ಮಾಡುವಾಗಲೂ ಇತ್ತಲ್ಲ? ಅದರಲ್ಲಿ ಐದು ವರ್ಷ ಅಂತ ಆಗಲೂ ಬರೆದಿತ್ತಲ್ಲ?

ಮಾತು ನೆನಪಿಸೋಕೆ ಹುಡುಗರು ಬೀದಿಗಿಳಿದರು. 'ತ್ರೀ ಇಯರ್ಸ್ ಜೋತ್ನಾ', ಮೂರು ವರ್ಷ ಆಯ್ತು ಸಾಕು ಅನ್ನೋ ಚಳವಳಿ. 2019ರ ಡಿಸೆಂಬರ್‌ನಲ್ಲಿ ಶಾಂತವಾಗಿಯೇ ನಡೆಯಿತು. 2020ರ ಜನವರಿ 26ರಂದು ಅಶ್ರುವಾಯು, ಕಲ್ಲು, ನೂರಕ್ಕೂ ಹೆಚ್ಚು ಜನರ ಬಂಧನ. ನಿಮ್ಮ ಸರ್ಕಾರ ಆ ಸಂಘಟನೆಯನ್ನೇ ನಿಷೇಧಿಸಿತು. ಸರಿಯಾಗಿ ಮೂರು ವರ್ಷದ ಹಿಂದೆ, ಅದೇ ಜನವರಿ 26ಕ್ಕೆ, ನೀವು ಡಾಕರ್‌ನಿಂದ ಮರಳಿದಾಗ ವಿಮಾನ ನಿಲ್ದಾಣದಿಂದ ದಾರಿಯುದ್ದಕ್ಕೂ ನಿಂತು ಕೂಗಿದವರಲ್ಲಿ ಇದೇ ಹುಡುಗರೂ ಇದ್ದರು. ಟೀ ಶರ್ಟ್ ಹಾಕಿದ್ದಕ್ಕೆ ಜಾಮೆ ಹಿಡಿಸಿದ್ದೂ ಇಂಥವರನ್ನೇ.

ಇನ್ನು ಸಂವಿಧಾನ. ಹೊಸ ಕರಡು ಮಾಡೋಕೆ ಆಯೋಗ ಕೂರಿಸಿದ್ದು ನಿಮ್ಮ ಕಾಲದಲ್ಲೇ. ಅದನ್ನು ಮೆಚ್ಚಬೇಕು. ಹಳ್ಳಿ ಹಳ್ಳಿಗೆ ಹೋಗಿ ಜನರ ಮಾತು ಕೇಳಿ ಬರೆದ ಕರಡು ಅದು. ಅಧ್ಯಕ್ಷರಿಗೆ ಎರಡೇ ಅವಧಿ ಅಂತ ಅದರಲ್ಲಿತ್ತು. ಆಗ ನಡೆಯುತ್ತಿದ್ದ ನಿಮ್ಮ ಅವಧಿಯೂ ಲೆಕ್ಕಕ್ಕೆ ಬರುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಪರವಾಗಿ 31, ವಿರುದ್ಧ 23. ನಾಲ್ಕರಲ್ಲಿ ಮೂರು ಪಾಲು ಬೇಕಿದ್ದರಿಂದ ಬಿದ್ದುಹೋಯಿತು. ವಿರುದ್ಧ ಕೈ ಎತ್ತಿದವರಲ್ಲಿ ಹೆಚ್ಚಿನವರು ನಿಮ್ಮ ಬೆಂಬಲಿಗರು. 2025ರ ಜುಲೈನಲ್ಲಿ ಇನ್ನೊಂದು ಕರಡು ಬಂತು. ಅದೂ ಬಿತ್ತು. ಹಾಗಾಗಿ ಗಾಂಬಿಯಾದಲ್ಲಿ ಇವತ್ತಿಗೂ ಇರುವುದು 1997ರ ಸಂವಿಧಾನ, ಅಂದರೆ ಜಾಮೆ ಕಾಲದ್ದು. ಅದರಲ್ಲಿ ಅವಧಿಗೆ ಮಿತಿಯೇ ಇಲ್ಲ. 2020ರ ಕರಡು ಪಾಸಾಗಿದ್ದರೆ 2027ರ ಜನವರಿಗೆ ನಿಮ್ಮ ಎರಡು ಅವಧಿ ಮುಗಿದು, ನಾನು ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

2021ರ ಡಿಸೆಂಬರ್‌ನಲ್ಲಿ ನೀವು ಮತ್ತೆ ನಿಂತು ಗೆದ್ದಿರಿ. ನೂರಕ್ಕೆ 53 ವೋಟು. ಆ ಗೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಜನ ಕೊಟ್ಟರು, ನೀವು ತೆಗೆದುಕೊಂಡಿರಿ. ಹೊರಗಿನಿಂದ ಬಂದ ವೀಕ್ಷಕರೂ ಒಪ್ಪಿದರು. ಜಾಮೆ ಕಾಲಕ್ಕೆ ಹೋಲಿಸಿದರೆ ಈಗ ಬಾಯಿ ಬಿಟ್ಟು ಮಾತಾಡಬಹುದು, ರೇಡಿಯೋದಲ್ಲಿ ನಿಮ್ಮನ್ನೇ ಬೈಯಬಹುದು. ಫರಾಫೆನಿಯಲ್ಲಿ ನದಿಗೆ ಸೇತುವೆಯಾಗಿದೆ. ನಮ್ಮ ಲಾರಿಗಳು ಫೆರಿಗಾಗಿ ದಿನಗಟ್ಟಲೆ ಕಾಯುತ್ತಿದ್ದ ಕಾಲ ಹೋಯಿತು. ಇದನ್ನೆಲ್ಲ ಹೇಳದೆ ಬರೀ ದೂರು ಹೇಳಿದರೆ ನನ್ನ ಮನಸ್ಸೇ ಒಪ್ಪೋದಿಲ್ಲ.

ಆದರೆ ಆ ಗೆಲುವಿಗೆ ಮೊದಲು ನಿಮ್ಮ ಪಕ್ಷ ಕೈ ಜೋಡಿಸಿದ್ದು ಯಾರ ಜೊತೆ? ಜಾಮೆ ಕಟ್ಟಿದ ಪಕ್ಷ ಎಪಿಆರ್‌ಸಿ ಜೊತೆ. ಆಗ ಜಾಮೆ ಕಾಲದ ದೌರ್ಜನ್ಯಗಳನ್ನು ತನಿಖೆ ಮಾಡಿದ ಸತ್ಯ ಆಯೋಗದ ವಿಚಾರಣೆ ಮುಗಿದು ನಾಲ್ಕು ತಿಂಗಳೂ ಆಗಿರಲಿಲ್ಲ. ಆ ವಿಚಾರಣೆಯನ್ನು ಇಡೀ ದೇಶ ಕೂತು ನೋಡಿತ್ತು. ಟ್ಯಾಕ್ಸಿಯಲ್ಲಿ ರೇಡಿಯೋ, ಅಂಗಡಿಯಲ್ಲಿ ಟಿವಿ, ಎಲ್ಲೆಲ್ಲೂ ಅದೇ. ಸುಮಾರು 390 ಜನ ಬಂದು ಹೇಳಿಕೆ ಕೊಟ್ಟರು. 2000ದ ಏಪ್ರಿಲ್‌ನಲ್ಲಿ ಮೆರವಣಿಗೆ ಹೊರಟ ವಿದ್ಯಾರ್ಥಿಗಳ ಮೇಲೆ ಗುಂಡು, 2004ರಲ್ಲಿ ಪತ್ರಕರ್ತ ದೇಯ್ದಾ ಹೈದರಾ ಕೊಲೆ, 2005ರಲ್ಲಿ ಐವತ್ತಕ್ಕೂ ಹೆಚ್ಚು ವಲಸೆಗಾರರ ಹತ್ಯೆ. ಕೊಂದವರೇ ಕುರ್ಚಿಯಲ್ಲಿ ಕೂತು, ಹೀಗೆ ಕೊಂದೆವು ಅಂತ ನಿಧಾನವಾಗಿ ಹೇಳುತ್ತಿದ್ದರು. ಗೋಡೌನಿನಲ್ಲಿ ಬೀಜ ಆರಿಸುವ ಹೆಂಗಸರು ಕೈ ನಿಲ್ಲಿಸಿ ಕೇಳುತ್ತಿದ್ದರು. ನಾವೂ ಬೇಗ ಮಾಡಿ ಅನ್ನಲಿಲ್ಲ.

ಆಯೋಗದ ಶಿಫಾರಸುಗಳನ್ನು 2022ರ ಮೇನಲ್ಲಿ ನಿಮ್ಮ ಸರ್ಕಾರ ಬಹುತೇಕ ಎಲ್ಲವನ್ನೂ ಒಪ್ಪಿತು. ಸಂತೋಷ. ಆದರೆ ಜಾಮೆಯ ಮಾಜಿ ಗೃಹಮಂತ್ರಿಗೆ 20 ವರ್ಷ ಶಿಕ್ಷೆ ಕೊಟ್ಟಿದ್ದು ಸ್ವಿಟ್ಜರ್ಲೆಂಡ್ ಕೋರ್ಟು. ಜಾಮೆಯ ಕೊಲೆ ಪಡೆಯ ಚಾಲಕನಿಗೆ ಜೀವಾವಧಿ ಕೊಟ್ಟಿದ್ದು ಜರ್ಮನಿ. ಅದೇ ಪಡೆಯ ಇನ್ನೊಬ್ಬನಿಗೆ ಶಿಕ್ಷೆ ಕೊಟ್ಟಿದ್ದು ಅಮೆರಿಕ. ಇಕೋವಾಸ್ ಜೊತೆಗೂಡಿ ವಿಶೇಷ ನ್ಯಾಯಮಂಡಳಿ ಮಾಡೋಕೆ ಒಪ್ಪಿಗೆ ಸಿಕ್ಕಿದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಎಷ್ಟು ತಾಯಂದಿರು ಕಣ್ಣು ಮುಚ್ಚಿದರೋ. ನಿಮ್ಮ ಪ್ರಮಾಣವಚನ ಡಾಕರ್‌ನಲ್ಲಿ ಆಗಿದ್ದಕ್ಕೆ ಅರ್ಥ ಇತ್ತು, ಬೇರೆ ದಾರಿ ಇರಲಿಲ್ಲ. ನ್ಯಾಯವೂ ಪರದೇಶದಲ್ಲೇ ಸಿಗಬೇಕು ಅಂದರೆ ಹೇಗೆ?

ಇದರ ಮಧ್ಯೆ ನಮ್ಮ ಕಡೆಯ ಪಾಪವನ್ನೂ ಹೇಳಬೇಕು. 2022ರಲ್ಲಿ ಭಾರತದ ಹರಿಯಾಣದಲ್ಲಿ ತಯಾರಾದ ಕೆಮ್ಮಿನ ಸಿರಪ್ ಕುಡಿದು ನಿಮ್ಮಲ್ಲಿ 60ಕ್ಕೂ ಹೆಚ್ಚು ಪುಟ್ಟ ಮಕ್ಕಳ ಕಿಡ್ನಿ ಹಾಳಾಗಿ ಸತ್ತವು. ವಿಶ್ವ ಆರೋಗ್ಯ ಸಂಸ್ಥೆ ಅಕ್ಟೋಬರ್ 5ಕ್ಕೆ ಎಚ್ಚರಿಕೆ ಕೊಟ್ಟಿತು. ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಇತ್ತು ಅಂದಿತು. ಭಾರತ ಸರ್ಕಾರ ತನ್ನ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ ಅಂತ ಹೇಳಿ ಕೈ ತೊಳೆದುಕೊಂಡಿತು. ಆ ತಿಂಗಳು ಸೆರೆಕುಂಡಾ ಮಾರ್ಕೆಟ್‌ನಲ್ಲಿ ನಮ್ಮ ಮುಖ ನೋಡಿದವರು 'ನಿಮ್ಮ ದೇಶದ ಔಷಧಿ' ಅಂದರೆ ಏನು ಉತ್ತರ ಕೊಡೋದು? ಯಾರೂ ಜಗಳ ಮಾಡಲಿಲ್ಲ. ಕೇಳುತ್ತಿದ್ದರು ಅಷ್ಟೇ. ನಿಮ್ಮ ದೇಶದಲ್ಲಿ ಬಂದ ಔಷಧಿ ಪರೀಕ್ಷೆ ಮಾಡೋಕೆ ಒಂದು ಲ್ಯಾಬ್ ಕೂಡ ಇರಲಿಲ್ಲ. ಮಕ್ಕಳನ್ನು ಕಳೆದುಕೊಂಡವರು ಕೋರ್ಟಿಗೆ ಅಲೆದರು. ಈ ವಿಷಯದಲ್ಲಿ ನನ್ನ ಮೊದಲ ಸಿಟ್ಟು ನನ್ನ ದೇಶದವರ ಮೇಲೆ, ಆಮೇಲೆ ನಿಮ್ಮ ಮೇಲೆ. ಈ ಪತ್ರವನ್ನು ಕನ್ನಡದಲ್ಲೇ ಬರೆಯೋಕೆ ಇದೂ ಒಂದು ಕಾರಣ. ಗಾಂಬಿಯಾ ಅಂದರೆ ಎಲ್ಲಿ ಅಂತ ಕೇಳುವ ನಮ್ಮ ಜನಕ್ಕೆ ಇಷ್ಟಾದರೂ ಗೊತ್ತಿರಲಿ.

ಈಗ ಮೂಲ ಮಾತಿಗೆ ಬರುತ್ತೇನೆ. 2016ರ ಡಿಸೆಂಬರ್ 13ಕ್ಕೆ ಜಾಮೆಗೆ ಬುದ್ಧಿ ಹೇಳೋಕೆ ಬಾಂಜುಲ್‌ಗೆ ನಾಲ್ವರು ಅಧ್ಯಕ್ಷರು ಬಂದರು. ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್, ನೈಜೀರಿಯಾದ ಮುಹಮ್ಮದು ಬುಹಾರಿ, ಸಿಯೆರಾ ಲಿಯೋನ್‌ನ ಅರ್ನೆಸ್ಟ್ ಕೊರೋಮಾ, ಘಾನಾದ ಜಾನ್ ಮಹಾಮಾ. ನಾಲ್ವರಲ್ಲಿ ಮೂವರು ಎರಡೆರಡು ಅವಧಿ ಮುಗಿಸಿ ಕುರ್ಚಿ ಬಿಟ್ಟರು. ಸರ್ಲೀಫ್, ಕೊರೋಮಾ 2018ರಲ್ಲಿ, ಬುಹಾರಿ 2023ರಲ್ಲಿ.

ಮಹಾಮಾ ಅವರ ಕತೆ ಇನ್ನೂ ಚೆಂದ. ಜಾಮೆ ಟಿವಿಯಲ್ಲಿ ಬಂದು ಸೋಲು ಒಪ್ಪೋದಿಲ್ಲ ಅಂದ ಅದೇ ಡಿಸೆಂಬರ್ 9ರಂದು, ಘಾನಾದ ರಾಜಧಾನಿ ಅಕ್ರಾದಲ್ಲಿ ಮಹಾಮಾ ತಮ್ಮ ಸೋಲು ಒಪ್ಪಿಕೊಂಡರು. ಅದಾಗಿ ನಾಲ್ಕೇ ದಿನಕ್ಕೆ ಬಾಂಜುಲ್‌ಗೆ ಬಂದರು. ಸೋತ ಅಧ್ಯಕ್ಷರೊಬ್ಬರು ಸೋತ ಇನ್ನೊಬ್ಬ ಅಧ್ಯಕ್ಷರಿಗೆ ಬಿಟ್ಟುಬಿಡಿ ಅಂತ ಹೇಳಿದರು. ಆ ಕೋಣೆಯಲ್ಲಿ ಅದನ್ನು ಹೇಳುವ ಯೋಗ್ಯತೆ ಅವರಿಗಿಂತ ಜಾಸ್ತಿ ಯಾರಿಗೂ ಇರಲಿಲ್ಲ. ಜನವರಿ 7ಕ್ಕೆ ಅಕ್ರಾದಲ್ಲಿ ತಮ್ಮನ್ನು ಸೋಲಿಸಿದ ಅಕುಫೋ ಅಡ್ಡೋ ಅವರಿಗೆ ಅಧಿಕಾರ ಒಪ್ಪಿಸಿದರು. ಎಂಟು ವರ್ಷ ಕಳೆದು, 2025ರ ಜನವರಿ 7ರಂದು, ಅದೇ ಅಕ್ರಾದಲ್ಲಿ ಮಹಾಮಾ ಮತ್ತೆ ಪ್ರಮಾಣವಚನ ಸ್ವೀಕರಿಸಿದರು. ಈ ಸಲ ಬಿಟ್ಟುಕೊಟ್ಟವರು ಅಕುಫೋ ಅಡ್ಡೋ. ಕುರ್ಚಿ ಬಿಟ್ಟರೆ ಸತ್ತ ಹಾಗೆ ಅಂತ ಹೆದರುವವರು ಘಾನಾ ಕಡೆ ನೋಡಲಿ.

ಇನ್ನು ನಿಮಗೆ ಜಾಗ ಕೊಟ್ಟ ಮ್ಯಾಕಿ ಸಾಲ್. ಮೂರನೇ ಅವಧಿಗೆ ನಿಲ್ಲುತ್ತಾರೆ ಅಂತ ಎಲ್ಲರಿಗೂ ಅನುಮಾನ ಇತ್ತು. ನಿಲ್ಲಲಿಲ್ಲ. ಚುನಾವಣೆ ಮುಂದೂಡೋಕೆ ಹೋದರು, ಅದು ನಿಜ. ಸಂವಿಧಾನ ಮಂಡಳಿ ಆಗಲ್ಲ ಅಂದಿತು. ತಗ್ಗಿದರು. ಚುನಾವಣೆಗೆ ಹತ್ತೇ ದಿನ ಇರುವಾಗ ಜೈಲಿನಿಂದ ಹೊರಬಂದ ಬಸ್ಸಿರು ಜೊಮಾಯ್ ಫಾಯ್ 2024ರ ಏಪ್ರಿಲ್ 2ರಂದು ಅಧ್ಯಕ್ಷರಾದರು. ಸಾಲ್ ಅರಮನೆಯ ಬಾಗಿಲಲ್ಲಿ ನಿಂತು ಅವರನ್ನು ಬರಮಾಡಿಕೊಂಡು, ಕೆಲಸ ಒಪ್ಪಿಸಿ ಹೋದರು. ಒಲ್ಲದ ಮನಸ್ಸಿನಿಂದ ಮಾಡಿದರೂ ಮಾಡಿದ್ದು ಮಾಡಿದ್ದೇ. ನಿಮ್ಮನ್ನು ಅಧ್ಯಕ್ಷರನ್ನಾಗಿ ಮಾಡೋಕೆ ಓಡಾಡಿದ ಐದೂ ಜನ ಕುರ್ಚಿ ಬಿಟ್ಟು ತೋರಿಸಿದ್ದಾರೆ. ಆರನೆಯವರು ನೀವಾಗಬೇಕಿತ್ತು.

2015ರಲ್ಲಿ ಇಕೋವಾಸ್ ದೇಶಗಳೆಲ್ಲ ಎರಡೇ ಅವಧಿ ಅಂತ ನಿಯಮ ಮಾಡೋಣ ಅಂತ ಹೊರಟಿದ್ದವು. ಆಗ ಅಡ್ಡ ಬಂದಿದ್ದು ಎರಡೇ ದೇಶ. ಒಂದು ಟೋಗೋ. ಇನ್ನೊಂದು ಜಾಮೆಯ ಗಾಂಬಿಯಾ. ಜಾಮೆ ಹೋಗಿ ಇಷ್ಟು ವರ್ಷವಾದರೂ ಆ ಪಟ್ಟಿಯಿಂದ ಗಾಂಬಿಯಾ ಹೆಸರು ಅಳಿಸೋಕಾಗಿಲ್ಲ.

2026ರ ಡಿಸೆಂಬರ್ 5ಕ್ಕೆ ಚುನಾವಣೆ. ನೀವು ಮೂರನೇ ಸಲ ನಿಲ್ಲುತ್ತಿದ್ದೀರಿ. ಕಾನೂನು ತಡೆಯೋದಿಲ್ಲ, ನಿಜ. ಲಂಡನ್‌ನ ಅಂಗಡಿಯೊಂದರಲ್ಲಿ ನೀವು ಸೆಕ್ಯೂರಿಟಿ ಗಾರ್ಡ್ ಆಗಿದ್ದಿರಿ, ಅದನ್ನು ನೀವು ಯಾವತ್ತೂ ಮುಚ್ಚಿಟ್ಟಿಲ್ಲ. ಗಾರ್ಡ್ ಕೆಲಸ ಮಾಡಿದವರಿಗೆ ಗೊತ್ತಿರುತ್ತೆ, ಶಿಫ್ಟ್ ಮುಗಿದ ಮೇಲೆ ಕೀ ಗೊಂಚಲನ್ನು ಮುಂದಿನವರ ಕೈಗೆ ಕೊಟ್ಟು, ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಹೋಗಬೇಕು. ನಿಲ್ಲಬೇಡಿ ಅನ್ನೋದು ನನ್ನ ಮನಸ್ಸಿನ ಮಾತು. ನೀವು ಕೇಳಲಿಕ್ಕಿಲ್ಲ ಅಂತಲೂ ಗೊತ್ತು. ಆದ್ದರಿಂದ ಉಳಿದದ್ದನ್ನು ಕೇಳುತ್ತೇನೆ.

ಗೆದ್ದರೂ ಸರಿ, ಸೋತರೂ ಸರಿ, ಅವಧಿಯ ಮಿತಿಯನ್ನು ಕಾನೂನಿಗೆ ಸೇರಿಸಿ. ಇಡೀ ಹೊಸ ಸಂವಿಧಾನ ಪಾಸಾಗೋದು ಕಷ್ಟ ಅಂತ ಎರಡು ಸಲ ಗೊತ್ತಾಗಿದೆ. ಆ ಒಂದು ವಿಷಯಕ್ಕೆ ಮಾತ್ರ ತಿದ್ದುಪಡಿ ತನ್ನಿ, ನಿಮ್ಮ ಅವಧಿಗಳನ್ನೂ ಲೆಕ್ಕಕ್ಕೆ ಸೇರಿಸಿ. ನಿಮ್ಮ ಪಕ್ಷದವರು ಕೈ ಎತ್ತಿದರೆ ವಿರೋಧ ಪಕ್ಷದವರು ಬೇಡ ಅನ್ನೋಕೆ ಕಾರಣವೇ ಇಲ್ಲ.

ಕೋರ್ಟನ್ನೂ, ಲೆಕ್ಕ ನೋಡುವವರನ್ನೂ ಅವರ ಪಾಡಿಗೆ ಬಿಡಿ. ಈಗ ಸುಪ್ರೀಂ ಕೋರ್ಟಿನಲ್ಲಿ ಗಾಂಬಿಯಾದವರೇ ಮುಖ್ಯ ನ್ಯಾಯಮೂರ್ತಿ ಇದ್ದಾರೆ, ಅದು ನಿಮ್ಮ ಕಾಲದ ಒಳ್ಳೆ ಕೆಲಸ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಆಡಿಟರ್ ಜನರಲ್ ನೀವು ಕೊಟ್ಟ ಮಂತ್ರಿ ಪದವಿ ಬೇಡ ಅಂದಾಗ, ಪೊಲೀಸರು ಕಚೇರಿಗೆ ನುಗ್ಗಿ ಅವರನ್ನು ಹೊರಗೆ ಹಾಕಿದ್ದನ್ನು ಜನ ವಿಡಿಯೋದಲ್ಲಿ ನೋಡಿದರು. ಚುನಾವಣೆಗೆ ಒಂದು ವರ್ಷ ಇರುವಾಗ ಹೀಗಾದರೆ, ಫಲಿತಾಂಶದ ಮೇಲೆ ತಕರಾರು ಬಂದಾಗ ಯಾರನ್ನು ನಂಬೋದು? 2016ರಲ್ಲಿ ಕೋರ್ಟು ಖಾಲಿ ಇದ್ದಿದ್ದಕ್ಕೆ ಎಷ್ಟು ಸಂಸಾರಗಳು ಗಡಿ ದಾಟಬೇಕಾಯಿತು ಅಂತ ಆಗಲೇ ಹೇಳಿದೆ.

ಇನ್ನೊಂದು, ಪ್ರಮಾಣವಚನಕ್ಕೇ ಒಂದು ಕಾನೂನು ಮಾಡಿ. ಕೀನ್ಯಾದಲ್ಲಿ 2007ರ ಡಿಸೆಂಬರ್ 30ರಂದು ಫಲಿತಾಂಶ ಹೇಳಿದ ಕೂಡಲೇ, ಕತ್ತಲಾಗುವ ಹೊತ್ತಿಗೆ, ಸ್ಟೇಟ್ ಹೌಸ್ ಒಳಗೆ ಗಡಿಬಿಡಿಯಲ್ಲಿ ಆಗಿನ ಅಧ್ಯಕ್ಷ ಕಿಬಾಕಿ ಅವರಿಗೆ ಪ್ರಮಾಣ ಮಾಡಿಸಿದರು. ಆಮೇಲಿನ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರಿಂದ ಪಾಠ ಕಲಿತು, ಪ್ರಮಾಣವಚನ ಜನರ ಎದುರೇ ಆಗಬೇಕು, ಮುಖ್ಯ ನ್ಯಾಯಮೂರ್ತಿಗಳ ಸಮ್ಮುಖದಲ್ಲೇ ಆಗಬೇಕು, ಬೆಳಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ ಆಗಬೇಕು ಅಂತ ಬರೆದುಕೊಂಡರು. ಹೋಗುವ ಅಧ್ಯಕ್ಷರು ಬರುವವರ ಕೈಗೆ ಕತ್ತಿಯನ್ನೂ ಸಂವಿಧಾನದ ಪ್ರತಿಯನ್ನೂ ಕೊಡಬೇಕು. ನಿಮ್ಮಲ್ಲೂ ಅಂಥದ್ದೊಂದು ಇರಲಿ. ಕತ್ತಿ ಬೇಡ, ಪುಸ್ತಕ ಸಾಕು. ಹೊಸ ಅಧ್ಯಕ್ಷರು ಪಕ್ಕದ ದೇಶದಲ್ಲಿ ಕೋಣೆ ಹುಡುಕುವ ಪರಿಸ್ಥಿತಿ ಮತ್ತೆ ಬರಬಾರದು.

ಉತ್ತರ ನನಗೆ ಬೇಡ. ವರ್ಷ ವರ್ಷ 'ಮೀಟ್ ದ ಪೀಪಲ್ಸ್ ಟೂರ್' ಅಂತ ಹಳ್ಳಿ ಹಳ್ಳಿಗೆ ಹೋಗುತ್ತೀರಲ್ಲ, ಅಲ್ಲಿ ಯಾವುದಾದರೊಂದು ಊರಿನಲ್ಲಿ, ಚುನಾವಣೆಗೆ ಮೊದಲೇ, ಮೈಕ್ ಹಿಡಿದು ಒಂದು ಮಾತು ಹೇಳಿ: ಸೋತರೆ ಜನವರಿ 19ರಂದು ನಾನೂ ಸ್ಟೇಡಿಯಂಗೆ ಬರುತ್ತೇನೆ, ಗೆದ್ದವರ ಪಕ್ಕದಲ್ಲಿ ಕೂರುತ್ತೇನೆ ಅಂತ.

ಇತಿ ತಮ್ಮ ವಿಶ್ವಾಸಿ,
ಸೆರೆಕುಂಡಾದಲ್ಲಿ ಬಾಳಿದ ಮಂಗಳೂರಿನ ಗೇರುಬೀಜ ವ್ಯಾಪಾರಿ